ಮೊದಲು ಹಟ್ಟಿಗೆ ಹೋಗಿ ಕೇಳಿ: ಬುಡಕಟ್ಟು ಮಕ್ಕಳ ಬದುಕನ್ನು ಪಾಠದೊಳಗೆ ತರುವ ಬಗೆ

ಐದನೇ ತರಗತಿಗೆ ಹಲ್ಲಿನ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಬಾಚಿಹಲ್ಲು, ಕೋರೆಹಲ್ಲು, ದವಡೆಹಲ್ಲು ಬರೆದಿದ್ದೆ. ಹುಲ್ಲು ತಿನ್ನುವ ಪ್ರಾಣಿಗಳು ಮೇಲಿನ ಮತ್ತು ಕೆಳಗಿನ ಬಾಚಿಹಲ್ಲಿನಿಂದ ಹುಲ್ಲು ಕತ್ತರಿಸುತ್ತವೆ ಎಂದು ಹೇಳಿದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗ, "ಕುರಿಗೆ ಮೇಲ್ಗಡೆ ಮುಂದಿನ ಹಲ್ಲೇ ಇರಲ್ಲ ಮಿಸ್" ಎಂದ. ಉಳಿದ ಮಕ್ಕಳು ನಕ್ಕರು. ನಾನು, "ಮಧ್ಯೆ ಮಾತಾಡಬೇಡ, ಸುಮ್ನೆ ಕೂತ್ಕೊ" ಎಂದೆ.

ಆ ವಾರವೇ ಯಾವುದೋ ಜೆರಾಕ್ಸ್ ಬೇಕಾಗಿ ಅವನ ಮನೆಗೆ ಹೋದೆ. ನಮ್ಮದು ಶಿರಾ ಕಡೆಯ ಊರು, ಅವನದು ಪಕ್ಕದ ಗೊಲ್ಲರಹಟ್ಟಿ, ಅಂದರೆ ಕುರಿ ಸಾಕುವ ಕಾಡುಗೊಲ್ಲರ ಕೇರಿ. ರೊಪ್ಪದ (ಕುರಿ ಕೂಡುವ ದೊಡ್ಡಿಯ) ಹತ್ತಿರ ನಿಂತಿದ್ದವನು ನನ್ನನ್ನು ಕಂಡು ಒಂದು ಕುರಿಯನ್ನು ಹಿಡಿದು, ತುಟಿ ಎತ್ತಿ ತೋರಿಸಿದ. ಮೇಲೆ ಬರೀ ಗಟ್ಟಿ ವಸಡು. ಹಲ್ಲೆಲ್ಲ ಕೆಳಗೆ. "ಇದು ಎರಡಲ್ಲು ಮಿಸ್, ವರ್ಷದ ಮೇಲಾಗೈತೆ. ಅಗೋ, ಅದು ಬಾಯಿಗೂಡೈತೆ, ಎಂಟಲ್ಲು" ಎಂದ. ಹತ್ತು ವರ್ಷದ ಹುಡುಗ ಹಲ್ಲು ನೋಡಿ ಕುರಿಯ ವಯಸ್ಸು ಹೇಳುತ್ತಿದ್ದ. ನಾನು ಅವನನ್ನು ಹಲ್ಲಿನ ಪಾಠದಲ್ಲೇ ಬಾಯಿ ಮುಚ್ಚಿಸಿದ್ದೆ.

ಮರುದಿನ ತರಗತಿಯಲ್ಲಿ, "ಮೊನ್ನೆ ನಾನು ಹೇಳಿದ್ದು ತಪ್ಪು, ಇವನು ಹೇಳಿದ್ದು ಸರಿ" ಎಂದೆ. ಅವನೇ ಬೋರ್ಡಿಗೆ ಬಂದು ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂದು ಬರೆದು ಹೇಳಿಕೊಟ್ಟ.

ಅಲ್ಲಿಂದ ಮುಂದಿನ ವರ್ಷಗಳಲ್ಲಿ ನಾನು ಮಾಡಿದ್ದು, ತಪ್ಪು ಮಾಡಿ ತಿದ್ದಿಕೊಂಡಿದ್ದು, ಬೇರೆ ಶಿಕ್ಷಕರಿಂದ ಕಲಿತದ್ದು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಸರ್ಕಾರಿ ಶಾಲೆಗಳ ಶಿಕ್ಷಕರನ್ನು, ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಬೇರೆ ಕಡೆಯವರಿಗೂ ಉಪಯೋಗ ಆಗಬಹುದು.

ಹೆಜ್ಜೆ 1: ನಿಮ್ಮ ತರಗತಿಯಲ್ಲಿ ಯಾರಿದ್ದಾರೆ, ಸರಿಯಾಗಿ ತಿಳಿದುಕೊಳ್ಳಿ

"ನಮ್ಮ ಕಡೆ ಆದಿವಾಸಿಗಳು ಎಲ್ಲಿದ್ದಾರೆ? ಅವರೆಲ್ಲ ಎಚ್‌.ಡಿ. ಕೋಟೆ, ಬಿಳಿಗಿರಿರಂಗನ ಬೆಟ್ಟದ ಕಡೆ" ಎಂಬ ಮಾತನ್ನು ನಾನು ತರಬೇತಿಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಜೇನುಕುರುಬರು, ಸೋಲಿಗರು ಆ ಕಡೆಯವರು, ನಿಜ. ಆದರೆ ಬುಡಕಟ್ಟು ಎಂದರೆ ದಟ್ಟ ಕಾಡಿನಲ್ಲಿ ಇರುವವರು ಮಾತ್ರ ಅಲ್ಲ. ನಮ್ಮ ಒಣ ಬಯಲಿನಲ್ಲೂ ತಮ್ಮದೇ ದೇವರು, ಕಟ್ಟುಪಾಡು, ಹಾಡು, ಹಟ್ಟಿ ಇಟ್ಟುಕೊಂಡ ಸಮುದಾಯಗಳಿವೆ. ಪಾವಗಡ ಕಡೆ ಬೇಡರ ಒಂದು ಕವಲಾದ ಮ್ಯಾಸಬೇಡರಿದ್ದಾರೆ. ಶಿರಾ, ಚಿಕ್ಕನಾಯಕನಹಳ್ಳಿ ಕಡೆ ಕಾಡುಗೊಲ್ಲರ ಹಟ್ಟಿಗಳಿವೆ. ಅಲೆಮಾರಿಗಳಾಗಿದ್ದು ಈಗ ಒಂದು ಕಡೆ ನೆಲೆ ನಿಂತ ಹಕ್ಕಿಪಿಕ್ಕಿ, ಕೊರಚ, ಕೊರಮ, ಬುಡ್ಗಜಂಗಮ ಕುಟುಂಬಗಳ ಮಕ್ಕಳು ನಿಮ್ಮ ಶಾಲೆಗೂ ಬರುತ್ತಿರಬಹುದು.

ಸರ್ಕಾರದ ಪಟ್ಟಿಯೇ ಬೇರೆ, ಜನ ತಮ್ಮನ್ನು ತಾವು ಕಂಡುಕೊಳ್ಳುವ ಬಗೆಯೇ ಬೇರೆ. ನಾಯಕ, ಬೇಡ, ವಾಲ್ಮೀಕಿ, ಹಕ್ಕಿಪಿಕ್ಕಿ ಪರಿಶಿಷ್ಟ ಪಂಗಡದಲ್ಲಿವೆ. ಕೊರಚ, ಕೊರಮ, ಲಂಬಾಣಿ ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಯಲ್ಲಿವೆ. ಕಾಡುಗೊಲ್ಲರು ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಬಹಳ ವರ್ಷದಿಂದ ಕೇಳುತ್ತಲೇ ಇದ್ದಾರೆ. ಹಾಗಾಗಿ "ಎಸ್‌ಟಿ ಮಕ್ಕಳ ಬಗ್ಗೆ ಪಾಠ" ಎಂದು ಹೊರಟರೆ ಅರ್ಧ ಜನ ಹೊರಗೆ ಉಳಿಯುತ್ತಾರೆ. ಜನ ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೋ ಅದೇ ಹೆಸರು ಬಳಸಿ. ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು ಒಬ್ಬೊಬ್ಬರಾಗಿ ಕೇಳಿ. ಮಗುವನ್ನು ಎಲ್ಲರ ಮುಂದೆ ಕೇಳಬೇಡಿ.

ಹೆಜ್ಜೆ 2: ಹೊಸ ಪಾಠಕ್ಕಿಂತ ಮೊದಲು ಹಳೆ ಅಭ್ಯಾಸ ಬಿಡಿ

ಇದನ್ನು ಮಾಡದೆ ಮುಂದಿನ ಯಾವ ಹೆಜ್ಜೆ ಇಟ್ಟರೂ ಫಲ ಇಲ್ಲ. ನಾಲ್ಕು ವಿಷಯ ಹೇಳುತ್ತೇನೆ. ನಾಲ್ಕೂ ನಾನು ಮಾಡಿದ್ದು ಅಥವಾ ಕಣ್ಣಾರೆ ನೋಡಿದ್ದು.

ಮೊದಲನೆಯದು, ವಿದ್ಯಾರ್ಥಿವೇತನದ ಪಟ್ಟಿ. "ಎಸ್‌ಸಿ, ಎಸ್‌ಟಿ ಮಕ್ಕಳು ಎದ್ದು ನಿಲ್ಲಿ" ಎಂದು ತರಗತಿಯಲ್ಲಿ ಕೂಗುವುದು. ನಾನೂ ಎಷ್ಟೋ ವರ್ಷ ಹಾಗೇ ಕೂಗಿದೆ. ಒಂದು ಹುಡುಗಿ ಎದ್ದು ನಿಂತು, ನಿಂತಷ್ಟು ಹೊತ್ತೂ ಲಂಗದ ಅಂಚನ್ನು ಹಿಂಡುತ್ತಿದ್ದಳು. ಅವಳ ಕೈ ಕಂಡ ಮೇಲೆ ಆ ಕೂಗು ನಿಲ್ಲಿಸಿದೆ. ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ಜಾತಿಯ ವಿವರ ಇದ್ದೇ ಇರುತ್ತದೆ. ಆಫೀಸ್ ರೂಮಿನಲ್ಲಿ ಕೂತು ನೋಡಿಕೊಂಡರೆ ಆಯಿತು. ಬೇಕಾದ ಕಾಗದ ಯಾವುದು ಎಂದು ಚೀಟಿ ಬರೆದು ಪೋಷಕರಿಗೆ ಕಳಿಸಿ, ಇಲ್ಲ ಫೋನ್ ಮಾಡಿ.

ಎರಡನೆಯದು, ಕಳೆದುಹೋದ ಜಾಮಿಟ್ರಿ ಬಾಕ್ಸ್. ತರಗತಿಯಲ್ಲಿ ಏನಾದರೂ ಕಾಣೆಯಾದಾಗ ಮೊದಲು ಯಾರ ಬ್ಯಾಗ್ ತೆಗೆಸುತ್ತೀರಿ? ಒಂದು ತಿಂಗಳು ನಿಮ್ಮನ್ನು ನೀವೇ ಗಮನಿಸಿ. ಇದರ ಹಿಂದೆ ದೊಡ್ಡ ಕತೆ ಇದೆ. ಬ್ರಿಟಿಷರು 1871ರಲ್ಲಿ ಒಂದು ಕಾಯ್ದೆ ತಂದು ಎಷ್ಟೋ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಎಂದು ಪಟ್ಟಿ ಮಾಡಿದರು. ಹೊತ್ತಿಗೆ ಸರಿಯಾಗಿ ಹೋಗಿ ಹಾಜರಿ ಹಾಕಬೇಕು, ಕೇಳದೆ ಊರು ಬಿಡುವಂತಿಲ್ಲ. ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1952ರಲ್ಲಿ ಆ ಕಾಯ್ದೆ ಹೋಯಿತು. ಕಾಯ್ದೆ ಹೋದರೂ ಆ ಗುಮಾನಿ ಇನ್ನೂ ಹೋಗಿಲ್ಲ. ಏಳನೇ, ಎಂಟನೇ ತರಗತಿಯವರಿಗೆ ಇದನ್ನು ಸಮಾಜ ವಿಜ್ಞಾನದಲ್ಲಿ ಹೇಳಲೇಬೇಕು ಎಂಬುದು ನನ್ನ ಅಭಿಪ್ರಾಯ. "ನೋಡಿ, ಇವರ ಮೇಲೆ ಹೀಗೆ ಆಗಿತ್ತು" ಎಂದು ಯಾವ ಮಗುವಿನ ಕಡೆಯೂ ಬೆರಳು ಮಾಡದೆ ಹೇಳಿ. ಕಾನೂನು ಮಾಡಿದವರ ತಪ್ಪು ಏನು ಎಂಬ ಕಡೆಯಿಂದ ಶುರು ಮಾಡಿ.

ಮೂರನೆಯದು, ಪ್ರತಿಭಾ ಕಾರಂಜಿಯ ಛದ್ಮವೇಷ. ಮುಖಕ್ಕೆ ಮಸಿ, ಸೊಂಟಕ್ಕೆ ಸೊಪ್ಪು, ಕೈಗೊಂದು ಬಿಲ್ಲು, ಬಾಯಲ್ಲಿ ಅರ್ಥವಿಲ್ಲದ ಕೂಗು. ಅದಕ್ಕೆ ಬಹುಮಾನ ಬೇರೆ. ಅದೇ ವೇದಿಕೆಯ ಕೆಳಗೆ ಬೇಡರ ಮಕ್ಕಳು, ಹಕ್ಕಿಪಿಕ್ಕಿ ಮಕ್ಕಳು ಕೂತಿರುತ್ತಾರೆ. ಈ ವೇಷ ಬೇಡ, ಅಷ್ಟೇ. ತೀರ್ಪುಗಾರರಾಗಿ ಹೋದರೆ ಇದಕ್ಕೆ ಅಂಕ ಕೊಡಬೇಡಿ. ಯಾಕೆ ಕೊಡಲಿಲ್ಲ ಎಂದು ಆ ಶಾಲೆಯ ಶಿಕ್ಷಕರನ್ನು ಬದಿಗೆ ಕರೆದು ಮೆಲ್ಲಗೆ ತಿಳಿಸಿ. ವೇಷ ಹಾಕಿದ ಮಗುವಿನದೇನೂ ತಪ್ಪಿಲ್ಲ, ಅದನ್ನು ಅಳಿಸಬೇಡಿ.

ನಾಲ್ಕನೆಯದು, ಬಿಸಿಯೂಟದ ಮೊಟ್ಟೆ. ಎಸ್‌ಟಿ ಮನೆಯ ಮಗು ಎಂದರೆ ಮಾಂಸ ಮೊಟ್ಟೆ ಎಲ್ಲ ತಿನ್ನುತ್ತದೆ ಎಂದು ನಾವೇ ಅಂದುಕೊಂಡುಬಿಡುತ್ತೇವೆ. ಮ್ಯಾಸಬೇಡರಲ್ಲಿ ಕೋಳಿ ಸಾಕದ, ಕೋಳಿ ತಿನ್ನದ ಕಟ್ಟು ಹಿಂದಿನಿಂದ ಬಂದದ್ದು. ಕುರಿ ತಿನ್ನುವ ಮನೆಯಲ್ಲೇ ಕೋಳಿಗೆ ನಿಷೇಧ ಇರಬಹುದು. ಅಂಥ ಮನೆಯ ಹುಡುಗನ ತಟ್ಟೆಗೆ ಮೊಟ್ಟೆ ಹಾಕಿ, "ಏನೋ ನಖರಾ, ತಿನ್ನು" ಎಂದು ಗದರಿಸಿದ್ದನ್ನು ನೋಡಿದ್ದೇನೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡಲು ಅವಕಾಶ ಇದೆ. ಅದು ಆ ಹುಡುಗನಿಗೂ ಸಲ್ಲುತ್ತದೆ. ತಿನ್ನುವ ಮಗುವಿಗೆ ಮೊಟ್ಟೆ, ತಿನ್ನದ ಮಗುವಿಗೆ ಹಣ್ಣು, ಇಬ್ಬರಿಗೂ ಯಾವ ಪ್ರಶ್ನೆಯೂ ಬೇಡ.

ಹೆಜ್ಜೆ 3: ಹಟ್ಟಿಗೆ ಹೋಗಿ, ಫಾರಂ ಇಲ್ಲದೆ ಹೋಗಿ

ಈ ಹೆಜ್ಜೆಗೆ ಜಾಸ್ತಿ ಸಮಯ ಇಟ್ಟುಕೊಳ್ಳಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಶಿಕ್ಷಕರು ಹಟ್ಟಿಗೆ ಹೋಗುವುದು ಸಾಮಾನ್ಯವಾಗಿ ಗಣತಿಗೆ, ದಾಖಲಾತಿಗೆ, ಓಟಿನ ಪಟ್ಟಿಗೆ, ಇಲ್ಲವೇ ಮಗು ಯಾಕೆ ಬರುತ್ತಿಲ್ಲ ಎಂದು ಕೇಳಲಿಕ್ಕೆ. ಕೈಯಲ್ಲಿ ಕಾಗದ ಕಂಡ ಕೂಡಲೇ ಜನ ಮಾತು ಬಿಗಿ ಹಿಡಿಯುತ್ತಾರೆ. ಒಮ್ಮೆ ಬರಿಗೈಯಲ್ಲಿ ಹೋಗಿ. ಕುರಿ ಹೊಡೆದುಕೊಂಡು ಹೋದ ಮೇಲೆ ಹೋದರೆ ಹಟ್ಟಿಯಲ್ಲಿ ಯಾರೂ ಸಿಗುವುದಿಲ್ಲ. ಕುರಿ ವಾಪಸ್ ಬಂದು ರೊಪ್ಪ ಸೇರಿದ ಹೊತ್ತು, ಇಲ್ಲ ಬೆಳಿಗ್ಗೆ ಬೇಗ ಹೋಗಿ. ಮೊದಲೇ ಒಬ್ಬ ಪೋಷಕರಿಗೆ ಹೇಳಿ ಕಳಿಸಿ. ಹಟ್ಟಿಯೊಳಗೆ ಚಪ್ಪಲಿ ಎಲ್ಲಿ ಬಿಡಬೇಕು, ದೇವರ ಜಾಗ ಎಲ್ಲಿಂದ ಶುರು ಎಂದು ಮಗುವನ್ನೇ ಕೇಳಿ. ಮಕ್ಕಳಿಗೆ ಇದನ್ನು ಹೇಳಲು ಬಹಳ ಖುಷಿ. ಮೇಡಂಗೇ ದಾರಿ ತೋರಿಸುವ ಅವಕಾಶ ಅಲ್ವಾ.

ನಾನು ಹಾಗೆ ಹೋದ ಮೊದಲ ಸಂಜೆ, ಆ ಹುಡುಗನ ತಾತ ಕಂಬಳಿ ಹಾಸಿ ಕೂರಿಸಿದರು. "ಏನು ಬರ್ಕಬೇಕಿತ್ತವ್ವ?" ಎಂದರು.

"ಏನೂ ಇಲ್ಲ ತಾತ. ನಿಮ್ಮ ಹುಡುಗ ಕುರಿ ಹಲ್ಲಿನ ವಿಷಯ ಹೇಳ್ದ. ನಂಗೆ ಗೊತ್ತಿರಲಿಲ್ಲ. ಇನ್ನೂ ಏನೇನು ಗೊತ್ತು ಅಂತ ಕೇಳಕ್ಕೆ ಬಂದೆ" ಎಂದೆ.

ತಾತ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಇಷ್ಟು ದಿನ ಬಂದೋರೆಲ್ಲ ಹೇಳಕ್ಕೇ ಬಂದಿದ್ದು ಕಣವ್ವ. ಕೇಳಕ್ಕೆ ಅಂತ ಯಾರೂ ಬಂದಿರಲಿಲ್ಲ" ಎಂದರು.

ಆ ಸಂಜೆ ಅವರು ಹೆಚ್ಚೇನೂ ಹೇಳಲಿಲ್ಲ. ಮೂರನೇ ಸಲ ಹೋದಾಗ ಮಾತು ಹರಿಯಿತು. ಯಾವ ಹುಲ್ಲು ಮಳೆ ಬಿದ್ದ ಕೂಡಲೇ ಮೇಯಿಸಬಾರದು, ಕುರಿ ಹೊಟ್ಟೆ ಉಬ್ಬರಿಸಿದರೆ ಏನು ಮಾಡಬೇಕು, ನೂರೈವತ್ತು ಕುರಿಯಲ್ಲಿ ಒಂದು ಕಡಿಮೆಯಾದರೆ ಎಣಿಸದೇ ಹೇಗೆ ಗೊತ್ತಾಗುತ್ತದೆ. ಅವರು ಲೆಕ್ಕ ಹಾಕುವುದು ತಾಯಿ ಮರಿ ಜೋಡಿ ನೋಡಿ, ಬಣ್ಣ ನೋಡಿ. ಪ್ರತಿ ಕುರಿಯ ಮುಖವೂ ಅವರಿಗೆ ಬೇರೆ ಬೇರೆ.

ಈ ಭೇಟಿಗಳಲ್ಲಿ ಫೋನ್ ಜೇಬಿನಲ್ಲೇ ಇರಲಿ. ಫೋಟೋ, ರೆಕಾರ್ಡಿಂಗ್ ಆಮೇಲೆ. ಅದೂ ಕೇಳಿ, ಯಾತಕ್ಕೆ, ಯಾರು ಯಾರು ನೋಡುತ್ತಾರೆ ಎಂದು ಹೇಳಿ, ಅವರು ಒಪ್ಪಿದರೆ ಮಾತ್ರ. "ಹೂಂ" ಎಂದದ್ದು ಮುಲಾಜಿಗೋ ಮನಸ್ಸಿನಿಂದಲೋ ಎಂಬುದು ಮುಖ ನೋಡಿದರೆ ತಿಳಿಯುತ್ತದೆ.

ಹೆಂಗಸರ ಜೊತೆ ಬೇರೆಯಾಗಿ ಕೂತು ಮಾತಾಡಿ. ಗಂಡಸರು ದೇವರ ಕತೆ, ಕುರಿ ಮೇವು ಹೇಳಿದರೆ, ಸೋಬಾನೆ ಪದ, ಬಾಣಂತಿಯ ಆರೈಕೆ, ಬರಗಾಲದಲ್ಲಿ ಯಾವ ಸೊಪ್ಪು ಬೇಯಿಸಿದರು ಎಂಬುದು ಅಜ್ಜಿಯರ ಹತ್ತಿರ ಇರುತ್ತದೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೇ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟು ಹಾಡಿದವರು. ನಿಮ್ಮ ಶಾಲೆಯ ಯಾವುದೋ ಮಗುವಿನ ಅಜ್ಜಿಯ ನೆನಪಿನಲ್ಲಿ ಏನೇನಿದೆಯೋ, ಕೇಳಿದರೆ ತಾನೇ ಗೊತ್ತಾಗುವುದು.

ಹೆಜ್ಜೆ 4: ಇರುವ ಪಾಠಕ್ಕೇ ಜೋಡಿಸಿ

"ಸಿಲಬಸ್ ಮುಗಿಯಲ್ಲ ಮೇಡಂ, ಇದನ್ನೆಲ್ಲ ಯಾವಾಗ ಮಾಡೋದು?" ಎಂದು ಕೇಳುತ್ತೀರಿ. ಬೇರೆ ಪೀರಿಯಡ್ ಬೇಕಿಲ್ಲ. ವರ್ಷಕ್ಕೊಂದು ದಿನ, ಆಗಸ್ಟ್ 9ರ ಆದಿವಾಸಿ ದಿನವೋ ನವೆಂಬರ್ 15ರ ಬಿರ್ಸಾ ಮುಂಡಾ ಜಯಂತಿಯೋ ಮಾಡಿ ಕೈತೊಳೆದುಕೊಳ್ಳುವುದಕ್ಕಿಂತ, ಇರುವ ಪಾಠಗಳ ಒಳಗೇ ವರ್ಷಪೂರ್ತಿ ಸ್ವಲ್ಪ ಸ್ವಲ್ಪ ಬರಲಿ. ನಾನು ಮಾಡಿ ನೋಡಿದ, ಗೆಳೆಯ ಶಿಕ್ಷಕರು ಮಾಡಿದ ಕೆಲವು ಇಲ್ಲಿವೆ.

ಪರಿಸರ ಅಧ್ಯಯನದಲ್ಲಿ ಹುಲ್ಲುಗಾವಲು ಬಂದಾಗ ಆಫ್ರಿಕಾದ ಚಿತ್ರ ತೋರಿಸುವ ಮೊದಲು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಬನ್ನಿ. ಅಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಇದೆ. ಕೃಷ್ಣಮೃಗ ಮೇಯುವ ಹುಲ್ಲು ಯಾವುದು, ಕುರಿ ಮೇಯುವುದು ಯಾವುದು, ಬೇಸಿಗೆಯಲ್ಲಿ ಎರಡಕ್ಕೂ ಏನು ಉಳಿಯುತ್ತದೆ ಎಂದು ಕುರಿಗಾಹಿ ಮನೆಯ ಮಕ್ಕಳು ಮನೆಯಲ್ಲಿ ಕೇಳಿಕೊಂಡು ಬರಲಿ. ಹತ್ತು ಹುಲ್ಲು ತಂದು ಹಳೇ ಪೇಪರಿನ ನಡುವೆ ಒಣಗಿಸಿ ಅಂಟಿಸಿ, ಪಕ್ಕದಲ್ಲಿ ಹಟ್ಟಿಯ ಹೆಸರು ಬರೆಯಿರಿ. ಆ ಹೆಸರೇ ಮೇಲಿರಲಿ, ಪುಸ್ತಕದ ಹೆಸರು ಕೆಳಗೆ.

ಪಾವಗಡದವರಿಗೆ ಗಣಿತಕ್ಕೂ ಸಮಾಜಕ್ಕೂ ಒಟ್ಟಿಗೆ ಸಿಗುವ ವಿಷಯ ತಿರುಮಣಿಯ ಸೋಲಾರ್ ಪಾರ್ಕ್. ಸುಮಾರು 13,000 ಎಕರೆ, 2,050 ಮೆಗಾವಾಟ್. ಎಕರೆಯನ್ನು ಹೆಕ್ಟೇರ್ ಮಾಡುವುದು ಗಣಿತ. ಬೆಳೆ ಕೈಕೊಟ್ಟ ಜಮೀನಿಗೆ ವರ್ಷ ವರ್ಷ ಬಾಡಿಗೆ ಬರುವಂತಾಯಿತು ಎಂಬುದು ಜಮೀನಿದ್ದವರ ಮಾತು. ಜಮೀನಿಲ್ಲದೆ ಕುರಿ ಮೇಯಿಸುತ್ತಿದ್ದವರು ಏನು ಹೇಳುತ್ತಾರೆ? ಇಬ್ಬರನ್ನೂ ಕೇಳಿಕೊಂಡು ಬರಲು ಮಕ್ಕಳಿಗೆ ಹೇಳಿ. ಉತ್ತರ ನೀವೇ ಮೊದಲು ತೀರ್ಮಾನ ಮಾಡಿಟ್ಟುಕೊಳ್ಳಬೇಡಿ.

ಕೋಲಾರದ ಶಿಕ್ಷಕರಿಗೆ ಕೆಜಿಎಫ್ ಪಾಠ. "ಬ್ರಿಟಿಷರು ಕೋಲಾರದಲ್ಲಿ ಚಿನ್ನ ಕಂಡುಹಿಡಿದರು" ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತೇವೆ. 1802ರ ಹೊತ್ತಿಗೆ ಜಾನ್ ವಾರನ್ ಎಂಬ ಸೈನ್ಯಾಧಿಕಾರಿ ಈ ಕಡೆ ಬಂದಾಗ, ಚಿನ್ನ ತೋರಿಸಿದವರಿಗೆ ಬಹುಮಾನ ಎಂದ. ಊರಿನವರು ಗಾಡಿಯಲ್ಲಿ ಮಣ್ಣು ತಂದು, ಅವನ ಕಣ್ಣೆದುರೇ ತೊಳೆದು ಚಿನ್ನದ ಪುಡಿ ತೋರಿಸಿದರು. ಅಂದರೆ ಮಾರಿಕುಪ್ಪಂ ಸುತ್ತಿನ ಜನರಿಗೆ ಮೊದಲೇ ಗೊತ್ತಿತ್ತು. ಅವರು ಬುಡಕಟ್ಟಿನವರೋ ಅಲ್ಲವೋ ಎಂಬುದಕ್ಕಿಂತ, "ಕಂಡುಹಿಡಿದರು" ಎಂಬ ಪದ ಯಾರ ತಿಳಿವಳಿಕೆಯನ್ನು ಮರೆಮಾಡಿತು ಎಂದು ಕೇಳಿಸಲು ಇದಕ್ಕಿಂತ ಒಳ್ಳೆಯ ಪಾಠ ನಮ್ಮ ಕಡೆ ಇಲ್ಲ. ಮಕ್ಕಳೇ ಆ ಸಾಲನ್ನು ತಿದ್ದಿ ಬರೆಯಲಿ.

ಇತಿಹಾಸದಲ್ಲಿ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸುವುದಿಲ್ಲ ಎಂದು ಬ್ರಿಟಿಷರ ಎದುರು ನಿಂತದ್ದು ಬರುತ್ತದೆ. ಹೆಮ್ಮೆಯಿಂದ ಹೇಳಿ. ಆದರೆ ಅಲ್ಲಿಗೇ ನಿಲ್ಲಿಸಿದರೆ ಬೇಡರು ಎಂದರೆ ಹಿಂದೆ ಬಿಲ್ಲು ಹಿಡಿದವರು ಎಂದಷ್ಟೇ ಮಕ್ಕಳ ತಲೆಯಲ್ಲಿ ಉಳಿಯುತ್ತದೆ. ಇವತ್ತು ಅದೇ ಸಮುದಾಯದ ನರ್ಸ್, ಬಸ್ ಡ್ರೈವರ್, ಎಂಜಿನಿಯರ್ ನಿಮ್ಮ ಊರಿನಲ್ಲೇ ಇದ್ದಾರೆ. ಅವರೂ ಪಾಠಕ್ಕೆ ಬರಲಿ. ಭೂಗೋಳದಲ್ಲಿ ಸೂಡಾನ್ ಬಂದರೆ, 2023ರ ಏಪ್ರಿಲ್‌ನಲ್ಲಿ ಅಲ್ಲಿ ಯುದ್ಧ ಶುರುವಾದಾಗ ಸಿಕ್ಕಿಹಾಕಿಕೊಂಡಿದ್ದ ಭಾರತೀಯರಲ್ಲಿ ನಮ್ಮ ರಾಜ್ಯದ ಹಕ್ಕಿಪಿಕ್ಕಿಗಳೂ ಇದ್ದರು ಎಂದು ಹೇಳಿ. ಗಿಡಮೂಲಿಕೆ ಎಣ್ಣೆ ಮಾರಲು ಅಷ್ಟು ದೂರ ಹೋಗಿದ್ದರು. ಹಕ್ಕಿ ಹಿಡಿದು ಬದುಕುತ್ತಿದ್ದವರಿಗೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಕಸುಬು ಹೋಯಿತು. ಹೊಸ ಕಸುಬು ಹುಡುಕಿ ದೇಶ ದಾಟಿದರು. ಭೂಪಟದಲ್ಲಿ ಆ ದಾರಿ ಗೆರೆ ಎಳೆಸಿ.

ಹೆಜ್ಜೆ 5: ಹಿರಿಯರನ್ನು ಶಾಲೆಗೆ ಕರೆಯುವಾಗ

ಪಾಠದ ವಿಷಯ ಯಾರ ತಿಳಿವಳಿಕೆಯೋ ಅವರೇ ಬಂದು ಹೇಳಿದರೆ ಒಳ್ಳೆಯದು. ಕರೆಯುವ ಮೊದಲು ಅವರ ಒಂದು ದಿನದ ದುಡಿಮೆ ಲೆಕ್ಕ ಹಾಕಿ. ತಾತ ಶಾಲೆಗೆ ಬಂದರೆ ಕುರಿ ಹಿಂದೆ ಯಾರು ಹೋಗುತ್ತಾರೆ? ಆ ದಿನದ ಕೂಲಿ ಯಾರು ಕೊಡುತ್ತಾರೆ? ಶಾಲು, ಹಾರ, ತೆಂಗಿನಕಾಯಿ ಕೊಟ್ಟು ಕಳಿಸುವುದು ಸಾಲದು. ಎಸ್‌ಡಿಎಂಸಿ ಸಭೆಯಲ್ಲಿ ಮೊದಲೇ ಹೇಳಿ, ಒಂದು ದಿನದ ಕೂಲಿಯಷ್ಟು ಹಣವನ್ನು ಕವರಿನಲ್ಲಿ ಹಾಕಿ, ಬಸ್ ಚಾರ್ಜ್ ಸೇರಿಸಿ, ಕೈಗೆ ಕೊಡಿ. ಹೊರಗಿನಿಂದ ಬರುವ ಸಂಪನ್ಮೂಲ ವ್ಯಕ್ತಿಗೆ ಕೊಡುತ್ತೇವಲ್ಲ, ಇವರೂ ಸಂಪನ್ಮೂಲ ವ್ಯಕ್ತಿಯೇ.

ಅವರು ನೆಲದ ಮೇಲೆ ಕೂರುತ್ತೇನೆ ಎಂದರೆ ನೀವೂ ಮಕ್ಕಳೂ ನೆಲದ ಮೇಲೆ ಕೂರಿ. ಕುರ್ಚಿಯಲ್ಲಿ ಕೂರುತ್ತೇನೆ ಎಂದರೆ ಮೇಷ್ಟ್ರ ಕುರ್ಚಿಯನ್ನೇ ಕೊಡಿ. ಮಕ್ಕಳು ಕೇಳುವ ಪ್ರಶ್ನೆಗಳನ್ನು ಹಿಂದಿನ ದಿನವೇ ಒಮ್ಮೆ ನೋಡಿಕೊಳ್ಳಿ. "ನೀವು ಇಲಿ ತಿಂತೀರಂತೆ, ಹೌದಾ?" ಎಂಬಂಥ ಪ್ರಶ್ನೆ ಅಲ್ಲಿ ಬರಬಾರದು. "ಒಂದು ಡ್ಯಾನ್ಸ್ ಮಾಡಿ ತೋರಿಸಿ" ಎಂದು ನಾವೂ ಕೇಳಬಾರದು.

ಹಾಡಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಜುಂಜಪ್ಪ ಕಾಡುಗೊಲ್ಲರ ಆರಾಧ್ಯ ದೈವ. ನಮ್ಮ ಶಿರಾ ತಾಲ್ಲೂಕಿನಲ್ಲೇ ಜುಂಜಪ್ಪನ ಗುಡ್ಡೆ ಇದೆ. ಅವನ ಕತೆ ಹಾಡುವಾಗ ಗಣೆ ಊದುತ್ತಾರೆ. ಗಣೆ ಎಂದರೆ ಉದ್ದನೆಯ ಬಿದಿರಿನ ಕೊಳಲು. ನೋಡುವವರಿಗೆ ಅದೊಂದು ವಾದ್ಯ, ಊದುವವರಿಗೆ ಅದು ದೇವರ ವಸ್ತು. ನಮ್ಮ ಶಾಲೆಗೆ ಗಣೆ ತಂದ ಹಿರಿಯರು, ಅದನ್ನು ಬಟ್ಟೆ ಹಾಸಿದ ಮೇಲೆಯೇ ಇಟ್ಟರು. ಮಕ್ಕಳು ಮುಟ್ಟಬಹುದಾ ಎಂದು ಕೇಳಿದೆ. "ನೋಡಲಿ, ಊದೋದು ಬ್ಯಾಡ" ಎಂದರು. ಯಾಕೆ ಎಂದು ಒಬ್ಬ ಹುಡುಗಿ ಕೇಳಿದಳು. "ಅದು ಹಂಗೇ ಕಣಮ್ಮ" ಎಂದರು. ಅಷ್ಟೇ ಉತ್ತರ. ಅದನ್ನೂ ಮಕ್ಕಳು ಒಪ್ಪಿಕೊಂಡರು. ಎಲ್ಲ ಪ್ರಶ್ನೆಗೂ ಕಾರಣ ಹೇಳಲೇಬೇಕು ಎಂದು ಹಿರಿಯರನ್ನು ಹಿಂಡಬೇಡಿ. ಇಂಥ ಕತೆಗೆ ಇಂಥ ಹೊತ್ತು, ಇಂಥ ಜಾಗ ಎಂದಿದ್ದರೆ, ಶಾಲೆಯ ಬೆಲ್‌ಗೆ ಅದನ್ನು ಬಗ್ಗಿಸಬೇಡಿ.

ಗಿಡಮೂಲಿಕೆ ಔಷಧಿಯ ವಿಷಯ ಬಂದರೆ ಹೆಸರು, ಅಳತೆ ಎಲ್ಲ ಬರೆಸಿ ವಾಟ್ಸಾಪ್‌ನಲ್ಲಿ ಹಂಚುವುದು ಸುತರಾಂ ಬೇಡ. ಆ ತಿಳಿವಳಿಕೆ ಆ ಮನೆತನದ ಆಸ್ತಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿ ಮಟ್ಟದಲ್ಲಿ ಇಂಥದ್ದನ್ನು ದಾಖಲು ಮಾಡಲು ಸಮಿತಿ ಇರಬೇಕು. ದಾಖಲು ಆಗಬೇಕು ಎಂದು ಹಟ್ಟಿಯವರಿಗೇ ಅನಿಸಿದರೆ ಆ ದಾರಿ ತೋರಿಸಿ. ಮಕ್ಕಳ ಮೇಲೆ ಔಷಧಿ ಪ್ರಯೋಗವಂತೂ ಮಾಡಲೇಬಾರದು.

ಹೆಜ್ಜೆ 6: ಮನೆಮಾತಿಗೆ ಬಾಗಿಲು ತೆರೆಯಿರಿ

ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ಕೆಲಸ ಮಾಡಿದವರಿಗೆ ಇದು ಗೊತ್ತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಹಕ್ಕಿಪಿಕ್ಕಿ ಮನೆಗಳಲ್ಲಿ ವಾಗ್ರಿ, ಅದು ಗುಜರಾತಿಗೆ ಹತ್ತಿರದ ಮಾತು. ಅದೇ ಮಗು ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು ಎಲ್ಲ ಆಡಬಲ್ಲದು. ತರಗತಿಯಲ್ಲಿ ಮಾತ್ರ ಮೂಗನಂತೆ ಕೂರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ, ಆದಷ್ಟೂ ಮಗುವಿನ ತಾಯ್ನುಡಿಯಲ್ಲಿ ಕಲಿಸಬೇಕು ಎನ್ನುತ್ತದೆ. ಶಿಕ್ಷಕರಿಗೆ ವಾಗ್ರಿ ಬರದಿದ್ದರೂ ಒಂದಷ್ಟು ಮಾಡಬಹುದು.

ಒಂದರಿಂದ ಮೂರನೇ ತರಗತಿಯವರ ನಲಿ-ಕಲಿ ಕೊಠಡಿಯ ಗೋಡೆಯಲ್ಲಿ ಒಂದು ಪದಪಟ್ಟಿ ಮಾಡಿ. ನೀರು, ಅನ್ನ, ಅಮ್ಮ, ಬಾ, ಹೋಗು, ನೋವು, ಹೆದರಿಕೆ. ಕನ್ನಡದ ಪಕ್ಕದಲ್ಲಿ ಮಗು ಹೇಳುವ ಪದವನ್ನು ಕನ್ನಡ ಅಕ್ಷರದಲ್ಲೇ ಬರೆಯಿರಿ. ಎರಡು ವಾರದಲ್ಲಿ ಮೂವತ್ತು ಪದ ನಿಮಗೂ ಬರುತ್ತದೆ. "ಹೊಟ್ಟೆನೋವಾ?" ಎಂದು ಮಗುವಿನ ಮಾತಿನಲ್ಲಿ ಒಮ್ಮೆ ಕೇಳಿ ನೋಡಿ, ಅದು ನಿಮ್ಮನ್ನು ನೋಡುವ ರೀತಿಯೇ ಬದಲಾಗುತ್ತದೆ. "ಐತೆ", "ಬ್ಯಾಡ", "ಅಲ್ಲು" ಎಂದು ನಮ್ಮ ಹಟ್ಟಿಯ ಮಕ್ಕಳು ಆಡುವ ಕನ್ನಡವನ್ನೂ ತಪ್ಪು ಎನ್ನಬೇಡಿ. ಅದು ಮನೆಯ ಕನ್ನಡ, ಇದು ಬರೆಯುವ ಕನ್ನಡ, ಎರಡೂ ಬೇಕು ಎಂದು ಹೇಳಿ.

ಹೆಜ್ಜೆ 7: ಒಪ್ಪಲಾಗದ ಪದ್ಧತಿಗಳ ಬಗ್ಗೆ

ಗೌರವ ಎಂದರೆ ಎಲ್ಲದಕ್ಕೂ ತಲೆಯಾಡಿಸುವುದಲ್ಲ. ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಹಟ್ಟಿಯ ಹೊರಗೆ ಇಡುವ ಪದ್ಧತಿ ಇನ್ನೂ ಇದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯ ಆಚೆ, ಮಳೆಯಲ್ಲಿ ಗುಡಿಸಲಿನಲ್ಲಿದ್ದ ಬಾಣಂತಿಯ ಹಸುಗೂಸು ತೀರಿಹೋಯಿತು. ಮುಟ್ಟಾದವರನ್ನು ಹೀಗೆ ಹೊರಗಿಡುವುದು ನಮ್ಮ ರಾಜ್ಯದ 2017ರ ಮೌಢ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಇದನ್ನು ಮುಚ್ಚಿಟ್ಟು "ಸಂಸ್ಕೃತಿ" ಎಂದು ಹಾಡಿ ಹೊಗಳಿದರೆ ಆ ಹೆಣ್ಣುಮಕ್ಕಳಿಗೆ ನಾವು ಮಾಡುವ ಮೋಸ.

ಹಾಗಂತ ತರಗತಿಯಲ್ಲಿ "ನಿಮ್ಮ ಹಟ್ಟಿಯವರು ಹೀಗೆ" ಎಂದು ಮಗುವಿನ ಮುಖಕ್ಕೆ ಹೇಳಿದರೆ, ಮರುದಿನದಿಂದ ಆ ಹುಡುಗಿ ಶಾಲೆಗೆ ಬರುವುದೇ ಇಲ್ಲ. ನಾನು ಮಾಡುವುದು ಹೀಗೆ. ಮುಟ್ಟಿನ ಪಾಠವನ್ನು ಎಲ್ಲ ಹೆಣ್ಣುಮಕ್ಕಳಿಗೂ ಒಟ್ಟಿಗೆ ಮಾಡುತ್ತೇನೆ. ಊರೊಳಗಿನ ಮನೆಗಳಲ್ಲೂ ಅಡುಗೆಮನೆಗೆ ಬರಬೇಡ, ದೇವರ ಕೋಣೆಗೆ ಬರಬೇಡ ಎನ್ನುತ್ತಾರಲ್ಲ, ಅದನ್ನೂ ಸೇರಿಸಿಯೇ ಮಾತಾಡುತ್ತೇನೆ. ಒಂದು ಸಮುದಾಯದ ಮೇಲೆ ಮಾತ್ರ ಬೆರಳು ಹೋಗಬಾರದು. ಆಶಾ ಕಾರ್ಯಕರ್ತೆಯನ್ನು ಕರೆಯುತ್ತೇನೆ. ಹಟ್ಟಿಯೊಳಗೇ ಈ ಪದ್ಧತಿ ಬಿಟ್ಟ ಮನೆಗಳಿರುತ್ತವೆ, ಆ ಮನೆಯ ಹೆಂಗಸರ ಮಾತಿಗೆ ನನ್ನ ಮಾತಿಗಿಂತ ಹತ್ತು ಪಟ್ಟು ತೂಕ. ಹುಡುಗಿ ಪರೀಕ್ಷೆಯ ದಿನ ಹೊರಗಿದ್ದಾಳೆ ಎಂದು ಗೊತ್ತಾದರೆ ಹೋಗಿ ಕರೆದುಕೊಂಡು ಬರುತ್ತೇನೆ. ಅವಳ ಜೀವಕ್ಕೆ, ಆರೋಗ್ಯಕ್ಕೆ ಅಪಾಯ ಎಂದು ಕಂಡರೆ ಕಾಯುವುದಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುವುದು, ಅಂಗನವಾಡಿ ಮೇಲ್ವಿಚಾರಕಿಗೆ ತಿಳಿಸುವುದು ನಮ್ಮ ಕೆಲಸವೇ.

ಗೈರುಹಾಜರಿ ಬೇರೆ ವಿಷಯ. ಹಟ್ಟಿಯ ದೇವರ ಹಬ್ಬ ಯಾವಾಗ, ಬೇಸಿಗೆಗೆ ಕುರಿ ಹೊಡೆದುಕೊಂಡು ವಲಸೆ ಯಾವಾಗ ಎಂದು ಜೂನ್‌ನಲ್ಲೇ ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ವಾರ ಕಿರುಪರೀಕ್ಷೆ ಇಡಬೇಡಿ.

ಹೆಜ್ಜೆ 8: ಬರೆದದ್ದನ್ನು ಹಟ್ಟಿಗೇ ಒಯ್ದು ಓದಿ

ಮಕ್ಕಳು ಕೇಳಿ ಬರೆದದ್ದನ್ನೆಲ್ಲ ಸೇರಿಸಿ ನ್ಯೂಸ್‌ಪ್ರಿಂಟ್ ಹಾಳೆಯಲ್ಲಿ ಒಂದು ಕೈಬರಹದ ಪುಸ್ತಕ ಮಾಡಿ. ಅದನ್ನು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ (ಸಿಆರ್‌ಪಿ) ತೋರಿಸುವ ಮೊದಲು, ಫೋಟೋ ತೆಗೆದು ಗ್ರೂಪಿಗೆ ಹಾಕುವ ಮೊದಲು, ಹಟ್ಟಿಗೆ ಒಯ್ಯಿರಿ. ಓದಲು ಬಾರದವರೇ ಜಾಸ್ತಿ ಇರಬಹುದು. ಮಕ್ಕಳೇ ಗಟ್ಟಿಯಾಗಿ ಓದಿ ಹೇಳಲಿ. ಅಲ್ಲಿ ಬರುವ ತಿದ್ದುಪಡಿಗೆ ಕೆಂಪು ಪೆನ್ನು ಅವರ ಕೈಗೇ ಕೊಡಿ, ಇಲ್ಲ ಅವರು ಹೇಳಿದಂತೆ ಮಗು ತಿದ್ದಲಿ. ಯಾರು ಹೇಳಿದ್ದು ಎಂಬ ಹೆಸರು ಹಾಕಬೇಕಾ ಬೇಡವಾ ಎಂದು ಒಬ್ಬೊಬ್ಬರನ್ನೂ ಕೇಳಿ. ಕೆಲವರಿಗೆ ಹೆಸರು ಬೇಕು, ಕೆಲವರಿಗೆ ಬೇಡ.

ನಮ್ಮ ಮೊದಲ ಪುಸ್ತಕ 24 ಪುಟ ಇತ್ತು. ಹಟ್ಟಿಯ ಗುಡಿಯ ಮುಂದಿನ ಕಟ್ಟೆಯಲ್ಲಿ ಕೂತು ಎಲ್ಲವನ್ನೂ ಓದಿದೆವು. ಹುಲ್ಲಿನ ಹೆಸರು ಎರಡು ಕಡೆ ತಪ್ಪಾಗಿತ್ತು, ತಿದ್ದಿಸಿದರು. ಕುರಿ ಹಲ್ಲಿನ ಚಿತ್ರ ನೋಡಿ ಎಲ್ಲರೂ ಖುಷಿಪಟ್ಟರು. ಒಂದು ಹಾಳೆಯಲ್ಲಿ ದೇವರ ಪೆಟ್ಟಿಗೆಯ ಬಗ್ಗೆ ಒಬ್ಬ ಹುಡುಗಿ ಬಹಳ ಚೆನ್ನಾಗಿ ಬರೆದಿದ್ದಳು. ಅದು ಹೊರಗೆ ಹೋಗಬಾರದು ಎಂದು ಪೂಜಾರಿ ತಾತ ಹೇಳಿದರು. ಹುಡುಗಿಗೆ ಬೇಜಾರಾಯಿತು, ನನಗೂ ಆಯಿತು. ಆ ಹಾಳೆಯನ್ನು ಬಿಡಿಸಿ ತಾತನ ಕೈಗೆ ಕೊಟ್ಟೆವು. ಅವರು ಅದನ್ನು ಮಡಚಿ, "ನೀನೇ ಬರೆದಿದ್ದು, ಬಾ, ಎಲ್ಲಿ ಇಡ್ತೀನಿ ನೋಡು" ಎಂದು ಅವಳನ್ನು ಕರೆದುಕೊಂಡು ಗುಡಿಯ ಕಡೆ ಹೋದರು.

ನಮ್ಮ ಶಾಲೆಯ ಗ್ರಂಥಾಲಯದ ಕಪಾಟಿನಲ್ಲಿರುವ ಪ್ರತಿಯಲ್ಲಿ 12ನೇ ಪುಟದ ನಂತರ 15ನೇ ಪುಟ ಬರುತ್ತದೆ. ಇನ್ನೊಂದು ಪ್ರತಿಯನ್ನು ಲ್ಯಾಮಿನೇಷನ್ ಮಾಡಿಸಿ ಹಟ್ಟಿಯಲ್ಲೇ ಬಿಟ್ಟು ಬಂದೆವು.